ತಲೆ ತಿರುಗಿಸಿದ ಕಿವಿಯ ಹರಳು

ಸಿಂಧನೂರಿನ ಕಿವಿ ಡಾಕ್ಟರು ನನ್ನ ತಲೆಯನ್ನು ಬಲಕ್ಕೆ ತಿರುಗಿಸಿ ಹಿಡಿದು, ಒಮ್ಮೆಲೇ ಹಿಂದಕ್ಕೆ ಮಲಗಿಸಿದರು. ಇಡೀ ಕೋಣೆ ಗಿರಗಿರ ಸುತ್ತತೊಡಗಿತು. ನಾನು ಕೂಗಿಕೊಂಡರೆ, ನನ್ನ ಕಣ್ಣನ್ನೇ ನೋಡುತ್ತಿದ್ದ ಡಾಕ್ಟರು ಹಿಗ್ಗಿದರು.

“ಸಿಕ್ತು ನೋಡ್ರಿ ಮಾಸ್ತರ! ಕಣ್ಣು ಹೆಂಗ ಕುಣ್ಯಾಕತ್ತಾವ! ಮಿದುಳಿಗೆ ಏನೂ ಆಗಿಲ್ರಿ. ಕಿವಿ ಒಳಗಿನ ಸಣ್ಣ ಹರಳು ಜಾಗ ಬಿಟ್ಟು ಜಾರ್ಯಾವ, ಅಷ್ಟ.”

ಮಗ್ಗುಲು ಬದಲಿಸಿದಾಗಲೆಲ್ಲ ಬರುತ್ತಿದ್ದ ಈ ತಲೆಸುತ್ತು ಲಕ್ವದ ಮುನ್ಸೂಚನೆಯೆಂದೇ ಮಸ್ಕಿಯ ನಮ್ಮ ಮನೆಯಲ್ಲಿ ಎಲ್ಲರೂ ಹೆದರಿದ್ದೆವು. ದಿನಾ ಬೆಳಗಿನ ಐದಕ್ಕೆ ಜಿಗಿದೆದ್ದು ನಾನು ಹತ್ತುತ್ತಿದ್ದ ಸೈಕಲ್ಲಿಗೆ ಹೆಂಡತಿ ಬೀಗ ಹಾಕಿ, ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಿದ್ದಳು.

ಡಾಕ್ಟರು ಹರಳುಗಳನ್ನು ಸ್ವಸ್ಥಾನಕ್ಕೆ ಕಳಿಸಲು ನನ್ನ ತಲೆಯನ್ನು ನಿಧಾನವಾಗಿ ಎಡಕ್ಕೆ ತಿರುಗಿಸಿ, ಬಳಿಕ ಮೈಯನ್ನೂ ಅದೇ ಕಡೆ ಹೊರಳಿಸಿದರು. ಪಕ್ಕದಲ್ಲಿದ್ದ ಹೆಂಡತಿಗೆ ನಗು ತಡೆಯಲಿಲ್ಲ. “ಸಾಲ್ಯಾಗ ಡ್ರಿಲ್ ಮಾಡಿಸಿ ಹುಡುಗರನ್ನ ಬಲಕ್ಕ, ಎಡಕ್ಕ ತಿರುಗಿಸಿದ್ರಿ. ಈಗ ನೀವ ತಿರುಗ್ರಿ!”

ಎದ್ದು ಕುಳಿತೆ. ಕೋಣೆ ನಿಂತಲ್ಲೇ ನಿಂತಿತ್ತು.

ಮುಂದಿನ ವಾರ ಡಾಕ್ಟರು ಮತ್ತೊಮ್ಮೆ ಪರೀಕ್ಷಿಸಿ ಸೈಕಲ್ ಹೊಡೆಯಲು ಒಪ್ಪಿದ ಮೇಲೆ, ಹೆಂಡತಿ ತಾನಾಗಿಯೇ ಸೆರಗಿನಿಂದ ಕೀಲಿ ಬಿಚ್ಚಿ ಕೊಟ್ಟಳು. ಈಗಲೂ ಐದಕ್ಕೇ ಏಳುತ್ತೇನೆ, ಆದರೆ ಜಿಗಿದೇಳುವುದಿಲ್ಲ. ಮಂಚದ ಅಂಚಿಗೆ ತುಸು ಕುಳಿತು, ಒಳಗಿನ ಹರಳುಗಳೆಲ್ಲ ಸಾಲಿನಲ್ಲಿವೆಯೇ ಎಂದು ಹಾಜರಿ ತೆಗೆದುಕೊಂಡೇ ಸೈಕಲ್ ಹತ್ತುತ್ತೇನೆ.