ತೂಕದಕ್ಕ ಎರಡು ಸಲ ತುಂಬಿದ ನೌಕೆ

ನಮ್ಮಕ್ಕನನ್ನು ಕೆಲಸದ ಕಡೆ ಎಲ್ಲರೂ ತೂಕದಕ್ಕ ಅಂತಲೇ ಕರೆಯುವುದು. ಚೀಲವನ್ನು ಒಂದು ಸಲ ಎತ್ತಿದರೆ ಸಾಕು, ಇಷ್ಟು ಕಿಲೋ ಎಂದುಬಿಡುತ್ತಾಳೆ; ತಕ್ಕಡಿ ಆಮೇಲೆ ಹೌದು ಎನ್ನುತ್ತದೆ. ಇಪ್ಪತ್ತು ವರ್ಷ ಸೂಟ್‌ಕೇಸ್ ಅಂಗಡಿಯಲ್ಲಿ ಹೊಲಿಗೆ ಹಾಕಿದವಳು, ಈಗ ಹನ್ನೊಂದು ವರ್ಷದಿಂದ ಬಾಹ್ಯಾಕಾಶ ನಿಲ್ದಾಣಕ್ಕೆ ಸಾಮಾನು ಒಯ್ಯುವ ನೌಕೆಗೆ ಚೀಲ ತುಂಬಿಸುತ್ತಾಳೆ. ನೌಕೆಯಲ್ಲಿ ಮನುಷ್ಯರಿರುವುದಿಲ್ಲ, ತಾನೇ ಹೋಗಿ ನಿಲ್ದಾಣಕ್ಕೆ ಅಂಟಿಕೊಳ್ಳುತ್ತದೆ. ಅವಳು ಹೇಳಿದ ಜಾಗಕ್ಕೆ ಚೀಲ ಹೊರುವ ಕತ್ತೆ ನಾನು, ಅವಳ ತಮ್ಮ.

ಆ ಸಲ ನಿಲ್ದಾಣದಲ್ಲಿದ್ದ ನಾಲ್ವರಿಗೆ ಗಾಳಿ ಶುದ್ಧ ಮಾಡುವ ಪಂಪು ಕೆಟ್ಟಿತ್ತು. ನಮ್ಮ ನೌಕೆಯಲ್ಲಿ ಹೋಗುವ ಹೊಸ ಪಂಪು ಬಾಗಿಲು ತೆರೆದ ಕೂಡಲೇ ಕೈಗೆ ಸಿಗಬೇಕು. ಇಲ್ಲದಿದ್ದರೆ ನಿಲ್ದಾಣ ಬಿಟ್ಟು ಇಳಿದುಬರುವುದೇ ಗತಿ. ನೂರ ನಲವತ್ತು ಚೀಲ ತುಂಬಿ ಮುಗಿಸಿ, ಬಾಗಿಲು ಮುಚ್ಚಲು ಇನ್ನೂ ಐದು ಗಂಟೆ ಇದೆ ಎಂದು ಟೀ ಕುಡಿಯುತ್ತಿದ್ದೆವು. ಚೀಲಗಳ ಕ್ರಮ ಬರೆದು ಕಳಿಸಿದ್ದ ಪಟ್ಟಿ ಮಡಿಸಲು ಹೋದ ಅಕ್ಕ ಹಾಗೇ ನಿಂತಳು.

"ಲೋ, ತಲೆಬರಹ ಏನಿದೆ ಓದು."

"ತೆಗೆಯುವ ಕ್ರಮ," ಎಂದೆ.

"ಅಯ್ಯೋ ನನ್ನ ಕರ್ಮವೇ!"

ಯಾವಾಗಲೂ ಬರುತ್ತಿದ್ದದ್ದು ತುಂಬುವ ಕ್ರಮದ ಪಟ್ಟಿ. ಈ ಸಲ ಬೇರೆ ಬಂದಿತ್ತು. ಅಕ್ಕ ಅಭ್ಯಾಸಬಲದಿಂದ ತಲೆಬರಹ ಓದದೆ, ಮೊದಲು ಬರೆದದ್ದನ್ನು ಮೊದಲು ಇಡಿಸಿದ್ದಳು. ಮೊದಲು ಇಟ್ಟದ್ದು ಎಲ್ಲಕ್ಕಿಂತ ಹಿಂದೆ ತಾನೇ? ಪಂಪು ನೂರ ಮೂವತ್ತೊಂಬತ್ತು ಚೀಲಗಳ ಹಿಂದೆ ಹಾಯಾಗಿ ಕೂತಿತ್ತು.

"ಸುಮ್ನಿರಕ್ಕ, ಅವರೇ ಹುಡುಕ್ಕೊಳ್ತಾರೆ. ಹೇಳಿದ್ರೆ ನಿನ್ನ ಕೆಲಸಕ್ಕೇ ಕುತ್ತು," ಎಂದೆ, ನಾಚಿಕೆಗೆಟ್ಟವನು.

"ಕೆಟ್ಟ ಗಾಳೀಲಿ ಒಂದೂವರೆ ದಿನ ಹುಡುಕ್ತಾರಾ? ಬಾಯ್ಮುಚ್ಕೊಂಡು ಏಳು."

ನೇರ ಮೇಲ್ವಿಚಾರಕರ ಮುಂದೆ ಹೋಗಿ ನಿಂತಳು. "ತಪ್ಪು ನಂದು ಸರ್. ಎಲ್ಲಾ ತೆಗೆದು ಮತ್ತೆ ತುಂಬಬೇಕು."

ಅವರು ಗಡಿಯಾರ ನೋಡಿದರು. "ಐದು ಗಂಟೇಲಾ? ಎರಡು ದಿನ ಹಿಡೀತಲ್ರೀ!"

"ಆಗ ಹರಟೆ ಹೊಡ್ಕೊಂಡು ತುಂಬಿದ್ವಿ ಸರ್."

ಅಬ್ಬಬ್ಬಾ, ಅಂಥ ಐದು ಗಂಟೆ ನನ್ನ ಜನ್ಮದಲ್ಲಿ ಕಂಡಿಲ್ಲ. ಎರಡೂ ಬದಿಯ ತೂಕ ಸಮ ಇರಬೇಕು, ಇಲ್ಲದಿದ್ದರೆ ನೌಕೆ ವಾಲುತ್ತದೆ. ತಕ್ಕಡಿಗೆ ಹಾಕಲು ಪುರಸೊತ್ತೆಲ್ಲಿ? ಅಕ್ಕ ಕೈಯಲ್ಲೇ ತೂಗಿ "ಎಡಕ್ಕೆ, ಬಲಕ್ಕೆ" ಎಂದು ಕೂಗಿದಳು, ನಾವು ಬಿದ್ದೆವೋ ಎದ್ದೆವೋ ಎಂದು ಹೊತ್ತೆವು. ಒಂಬತ್ತು ನಿಮಿಷ ಉಳಿದಿರುವಾಗ ಪಂಪು ಬಾಗಿಲ ಪಕ್ಕ ಕೂತಿತು. ಕೊನೆಯ ಲೆಕ್ಕ ನೋಡಿದ ಇಂಜಿನಿಯರು ತೂಕ ಸರಿಯಿದೆ ಎಂದರು. ಆಮೇಲೆ ಮೇಲ್ವಿಚಾರಕರು ಅಕ್ಕನಿಗೆ ಸಿಕ್ಕಾಪಟ್ಟೆ ಬೈದರು, ಕೆಲಸದಿಂದ ಮಾತ್ರ ತೆಗೆಯಲಿಲ್ಲ.

ಹಾರಿದ ಮೂರನೇ ದಿನ ನೌಕೆ ನಿಲ್ದಾಣ ಮುಟ್ಟಿತು. ನಾವೆಲ್ಲ ಪರದೆ ನೋಡುತ್ತಿದ್ದೆವು. ಅಲ್ಲಿ ಬಾಗಿಲು ತೆರೆದು ಒಬ್ಬಾಕೆ ಕೈಚಾಚಿದಳು, ಮೊದಲ ಚೀಲದಲ್ಲೇ ಪಂಪು! ಒಂದು ಗಂಟೆಯ ಮೇಲೆ ಆಕೆ ಮತ್ತೆ ಕಾಣಿಸಿಕೊಂಡಳು.

"ಇದನ್ನ ಬಾಗಿಲಲ್ಲೇ ಇಡಿಸಿದ್ದು ಯಾರು?"

ಮತ್ತೇನು ಎಡವಟ್ಟಾಯಿತೋ ಎಂದುಕೊಂಡಳು ಅಕ್ಕ. ಆದರೂ ಮುಂದೆ ಹೋಗಿ, "ನಾನೇ ಕಣಮ್ಮ," ಎಂದಳು.

"ಪಂಪು ಓಡ್ತಾ ಇದೆ. ನಾವ್ಯಾರೂ ವಾಪಸ್ ಬರ್ತಿಲ್ಲ ಅಕ್ಕಾ!"

ಸುಮ್ಮನಿರು ಎಂದಿದ್ದವನು ನಾನು. ಅಂಗೈ ಉರಿಯುವಷ್ಟು ಚಪ್ಪಾಳೆ ತಟ್ಟಿದೆ.