ಬಾಗಿಲು ಹಾಕಿ ಉಂಡ ರೊಟ್ಟಿ

ಕುರುಗೋಡಿನ ಬಸವೇಶ್ವರ ಗುಡಿಯ ಕಟ್ಟೆಯ ಮೇಲೆ ಆ ಸಂಜೆ ಯಾರ್ಯಾರಿದ್ದರು ಅಂದರೆ, ಕಂಬಕ್ಕೆ ಒರಗಿಕೊಂಡು ನಮ್ಮ ಅತ್ತೆ, ಅವರ ಪಕ್ಕದಲ್ಲಿ ಬತ್ತಿ ಹೊಸೆಯುತ್ತ ನಾನು, ಎದುರಿಗೆ ಹೊಟ್ಟೆಯ ಮೇಲೆ ಕೈಕಟ್ಟಿ ಕೂತ ಕಿರಾಣಿ ಅಂಗಡಿ ಸಾವ್ಕಾರರು, ನಮ್ಮ ಓಣಿಯ ಇನ್ನೂ ಕೆಲವು ಹೆಂಗಸರು ಗಂಡಸರು, ಎಲ್ಲರ ನಡುವೆ ಬಿಳಿ ಸೀರೆಯ ನರ್ಸಮ್ಮ. ಎಂಬತ್ತರ ದಶಕದ ಆರಂಭದ ದಿನಗಳು. ನಾನು ಸೊಸೆಯಾಗಿ ಬಂದು ಬಹಳ ಕಾಲವಾಗಿರಲಿಲ್ಲ. ಅತ್ತೆ ಎಲ್ಲಿಗೆ ಹೊರಟರೂ ಹಿಂದೆ ಹೋಗುವುದು ನನ್ನ ಕೆಲಸ.

ನರ್ಸಮ್ಮ ಬಳ್ಳಾರಿಯ ಕೌಲ್ ಬಜಾರಿನವರು. ಮನೆಯಲ್ಲೂ ಕನ್ನಡವನ್ನೇ ಆಡುವ ಮುಸಲ್ಮಾನರ ಮನೆತನ. ಸಿಟ್ಟು ಬಂದಾಗ ಮಾತ್ರ ಅವರ ಬಾಯಲ್ಲಿ ತೆಲುಗು ನುಗ್ಗುತ್ತಿತ್ತು. ಅವರನ್ನು ನಮ್ಮೂರಿಗೆ ಕಳಿಸಿದವರು ಬಳ್ಳಾರಿಯ ಒಬ್ಬ ಹಿರಿಯ ಡಾಕ್ಟರು. ಸಕ್ಕರೆ ಕಾಯಿಲೆ ಬಲಿತು, ಕಾಲು ಹುಣ್ಣಾದ ಮೇಲೆ ಬಸ್ಸು ಹತ್ತಿ ಬರುವವರನ್ನು ನೋಡಿ ನೋಡಿ ಆ ಡಾಕ್ಟರಿಗೆ ಸಾಕಾಗಿತ್ತು. ಅದಕ್ಕೇ ರಕ್ತ ಪರೀಕ್ಷೆಯಲ್ಲಿ ಇನ್ನೇನು ಕಾಯಿಲೆ ಬಂತು ಎನ್ನುವಂತೆ ಅಂಚಿಗೆ ನಿಂತವರನ್ನು ಊರೂರಲ್ಲಿ ಗುಂಪು ಮಾಡಿಸಿ, ಉಣ್ಣುವುದು ಹೇಗೆ, ನಡೆಯುವುದು ಹೇಗೆ ಅಂತ ಹೇಳಿಕೊಡಲು ವಾರಕ್ಕೊಮ್ಮೆ ನರ್ಸಮ್ಮನನ್ನು ಅಟ್ಟುತ್ತಿದ್ದರು.

“ನಿಮಗ ಯಾರಿಗೂ ಸಕ್ಕರಿ ಬ್ಯಾನಿ ಬಂದಿಲ್ಲ. ಎಲ್ಲಾರೂ ಬಾರ್ಡರಿನಾಗ ಅದೀರಿ,” ಎಂದರು ನರ್ಸಮ್ಮ.

“ಬಾರ್ಡರ್ ಅಂದ್ರ ನಮಗ ಆಂಧ್ರ ಬಾರ್ಡರ್ ಗೊತ್ತೈತ್ರಿ,” ಎಂದರು ಸಾವ್ಕಾರರು. “ಯಾಪಾರಕ್ಕಂತ ದಾಟಿ ಹೋಗಿ ಬರ್ತೀವಿ. ಅದಕ್ಕ್ಯಾಕ ಹೆದರಬೇಕು?”

“ಅಲ್ಲಿಂದ ತಿರುಗಿ ಬರಾಕ ಬಸ್ಸೈತಿ ಸಾವ್ಕಾರ್ರ. ಇದನ್ನ ದಾಟಿದ್ರ ತಿರುಗಿ ಬರಾಕ ಬಸ್ಸಿಲ್ಲ.”

ಎಲ್ಲರೂ ನಕ್ಕರು. ಅತ್ತೆ ನಗಲಿಲ್ಲ. ಅವರ ಒಡಹುಟ್ಟಿದ ಅಕ್ಕ ಬಳ್ಳಾರಿ ಹತ್ತಿರದ ಮೋಕಾ ಊರಿನಲ್ಲಿದ್ದರು. ಸಕ್ಕರೆಯಿಂದ ಆಕೆಯ ಒಂದು ಪಾದದ ಬೆರಳುಗಳನ್ನು ತೆಗೆದುಹಾಕಿದ್ದರು. ದಿನ ಬೆಳಗಾದರೆ ಮಗ ಸೂಜಿ ಹಿಡಿದುಕೊಂಡು ಬರಬೇಕು, ಆಕೆ ಗೋಡೆಯ ಕಡೆ ಮುಖ ತಿರುಗಿಸಬೇಕು. ಒಂದು ಕಾಲಕ್ಕೆ ಕಳೆ ತೆಗೆಯುವ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಇರುತ್ತಿದ್ದ ಹೆಂಗಸು ಅದು. ಆಕೆಯನ್ನು ಮಾತಾಡಿಸಿಕೊಂಡು ಬಂದ ದಿನ ಅತ್ತೆ ಬಾವಿಕಟ್ಟೆಯ ಮೇಲೆ ಕೂತು, ತಮ್ಮ ಎರಡೂ ಪಾದಗಳನ್ನು ಉಜ್ಜಿ ಉಜ್ಜಿ ತೊಳೆದುಕೊಂಡು, “ನಾ ಮಾತ್ರ ಅಕ್ಕನಂಗ ಆಗಂಗಿಲ್ಲವಾ. ನನ್ನ ಹೊಲಕ್ಕ ನಾ ನಡಕೊಂತ ಹೋಗಬೇಕು, ನಡಕೊಂತ ಬರಬೇಕು,” ಎಂದಿದ್ದರು. ಡಾಕ್ಟರು ಅವರಿಗೆ ಸಂಕ್ರಾಂತಿ ಕಳೆದ ಮೇಲೆ ಮತ್ತೆ ಬರಲು ಹೇಳಿದ್ದರು. ಅಷ್ಟರಲ್ಲಿ ರಕ್ತದಲ್ಲಿ ಸಕ್ಕರೆ ಏರಿದ್ದರೆ ಮಾತ್ರೆ, ಅದಕ್ಕೂ ಬಗ್ಗದಿದ್ದರೆ ಅಕ್ಕನ ಮನೆಯ ಸೂಜಿಯೇ.

ನರ್ಸಮ್ಮ ಹೇಳಿಕೊಟ್ಟದ್ದೇನೂ ಸಮುದ್ರದಾಚೆಯ ವಿದ್ಯೆಯಲ್ಲ. ಬೆಳಿಗ್ಗೆ ಎದ್ದು ಬೆವರುವಷ್ಟು ನಡೆಯಿರಿ. ಚಾಕ್ಕೆ ಸಕ್ಕರೆ ಹಾಕಬೇಡಿ. ಅನ್ನ ಅನ್ನುವುದು ಉಪ್ಪಿನಕಾಯಿಯಷ್ಟಿರಲಿ, ಜೋಳದ ರೊಟ್ಟಿ, ಕಾಳು, ಸೊಪ್ಪು ಮುಂದಿರಲಿ. ಇದರಲ್ಲಿ ಜನರಿಗೆ ನುಂಗಲಾಗದ ಮಾತು ಅನ್ನದ್ದು. ನಮ್ಮ ಸೀಮೆಗೆ ಕಾಲುವೆ ನೀರು ಬಂದ ಮೇಲೆ ಬಿಳಿ ಅನ್ನವೇ ಮರ್ಯಾದೆ ಆಗಿಬಿಟ್ಟಿತ್ತು. ಮನೆಗೆ ಬಂದವರಿಗೆ ರೊಟ್ಟಿ ಹಾಕಿದರೆ “ಪಾಪ, ಅವರ ಮನ್ಯಾಗ ಇನ್ನಾ ರೊಟ್ಟಿನೇ” ಎಂದು ಹೊರಗೆ ಹೋಗಿ ಮರುಗುತ್ತಿದ್ದರು.

ನಡೆಯುವುದನ್ನು ಮಾತ್ರ ನಾವು ಬಹಳ ಹುರುಪಿನಿಂದ ಹಿಡಿದೆವು. ನಸುಕಿನಲ್ಲಿ ಗುಡಿಯ ಮುಂದೆ ಸೇರಿ, ಗುಡ್ಡದ ಬುಡ ಸುತ್ತಿ, ಓಣಿಗಳೊಳಗಿಂದ ವಾಪಸು. ಆದರೆ ನಮ್ಮ ಊರಿನ ಪದ್ಧತಿ ಒಂದಿದೆ: ಬಾಗಿಲ ಮುಂದೆ ಹೋಗುವ ಪರಿಚಯಸ್ಥರನ್ನು ಸುಮ್ಮನೆ ಹೋಗಗೊಟ್ಟರೆ ಆ ಮನೆಗೆ ಅವಮಾನ. ಮೊದಲ ದಿನ ಒಬ್ಬಾಕೆ ಚಾ ಕೊಟ್ಟಳು. ಮರುದಿನ ಎದುರು ಮನೆಯಾಕೆ, “ಆಕಿ ಮನಿ ಚಾ ಕುಡಿದ್ರಿ, ನಮ್ಮನಿ ಏನ ಪಾಪ ಮಾಡೈತಿ?” ಎಂದು ಒಗ್ಗರಣೆ ಮಂಡಕ್ಕಿ ಇಟ್ಟಳು. ಮೂರನೆಯ ಮನೆಯವರು ಮಂಡಕ್ಕಿಯ ಜೊತೆ ಮಿರ್ಚಿ ಕರಿದರು. ಆಮೇಲೆ ಪಾಳಿ ಬಿದ್ದಿತು ನೋಡಿ! ನಾಳೆ ಯಾರ ಮನೆ, ಏನು ತಿಂಡಿ ಅಂತ ನಡೆಯುವಾಗಲೇ ಮಾತು. ನಸುಕಿನಲ್ಲಿ ನಡೆಯಲು ಬರದವರೂ ಕೊನೆಯ ತಿರುವಿನಲ್ಲಿ ಬಂದು ಕೂಡಿಕೊಳ್ಳುತ್ತಿದ್ದರು. ಸಾವ್ಕಾರರ ಸರದಿ ಬಂದ ದಿನ ಅವರ ಹೆಂಡತಿ ಶಿರಾ ಮಾಡಿ ಅದರ ಮೇಲೆ ಗೋಡಂಬಿಯ ಹೂವು ಜೋಡಿಸಿದ್ದರು.

ತಿಂಗಳು ತುಂಬುತ್ತಲೇ ನರ್ಸಮ್ಮ ನಮ್ಮನ್ನು ಸಾವ್ಕಾರರ ಅಂಗಡಿಗೆ ಕರೆದೊಯ್ದು ಮೆಣಸಿನಕಾಯಿ ಚೀಲ ತೂಗುವ ಕಾಟಾದ ಮೇಲೆ ಒಬ್ಬೊಬ್ಬರನ್ನೇ ನಿಲ್ಲಿಸಿದರು. ಮೊದಲ ವಾರ ತೂಗಿದ್ದಕ್ಕಿಂತ ಒಬ್ಬರೂ ಇಳಿದಿರಲಿಲ್ಲ. ಎಲ್ಲರೂ ಏರಿದ್ದರು. ಅತ್ತೆಯೂ ಏರಿದ್ದರು.

“ನಿಮ್ಮ ಕಾಟಾನೇ ಸುಳ್ಳು ಹೇಳಾಕ ಹತ್ತೈತೇನ್ರಿ ಸಾವ್ಕಾರ್ರ?” ಎಂದರು ನರ್ಸಮ್ಮ.

“ನನ್ನ ಕಾಟಾಕ್ಕ ಯಾಕ ಅಂತೀರಿ? ನೀವು ನಡೀರಿ ಅಂದ್ರಿ, ನಡದೀವಿ. ನಡದ್ರ ಹಸಿವಿ ಆಕ್ಕೈತಿ. ಹಸಿವಿ ಆದ್ರ ಮಂದಿ ಕರೀತಾರ. ಕರದ್ರ ಬರಂಗಿಲ್ಲ ಅನ್ನಾಕಾಕ್ಕೈತೇನ್ರಿ?”

ಪೂರಾ ಕತೆ ತಿಳಿದಾಗ ನರ್ಸಮ್ಮನ ತೆಲುಗು ಶುರುವಾಯಿತು. ನಡುನಡುವೆ ನಗುವೂ ಬರುತ್ತಿದ್ದುದರಿಂದ ಬೈಗುಳ ಪೂರ್ತಿಯಾಗಲಿಲ್ಲ. ಕೊನೆಗೆ ಅವರು ಕರೆಯುವ ಪದ್ಧತಿಗೆ ಕೈ ಹಾಕಲಿಲ್ಲ. “ಕರೀರಿ, ಹೋಗ್ರಿ, ಕೂಡ್ರಿ. ಆದ್ರ ಇನ್ನ ಮುಂದ ಎಣ್ಣಿ ಒಲಿ ಮ್ಯಾಲೆ ಏರಬಾರದು. ಮಜ್ಜಿಗಿ, ಸೌತಿಕಾಯಿ, ಮೊಳಕಿ ಹೆಸರು. ಯಾರು ಹೆಚ್ಚಿಗಿ ಮಾಡ್ತಾರ, ಅವರ ಮನಿಗೆ ಮುಂದಿನ ತಿಂಗಳು ಯಾರೂ ಹೋಗಬಾರದು,” ಎಂದರು. ಇದು ನಾಟಿತು. ನಮ್ಮೂರಿನ ಹೆಂಗಸಿಗೆ ಎಲ್ಲ ಶಿಕ್ಷೆಯನ್ನೂ ಕೊಡಬಹುದು, ಆಕೆಯ ಮನೆಗೆ ಯಾರೂ ಹೋಗದಿರುವ ಶಿಕ್ಷೆಯನ್ನು ಕೊಡಬಾರದು.

ಅಂದಿನಿಂದ ಅತ್ತೆ ನಿಜವಾಗಿ ಇಳಿಯತೊಡಗಿದರು. ಕುಪ್ಪಸ ಸಡಿಲವಾಯಿತು. ಮಧ್ಯಾಹ್ನದ ಜೋಂಪು ಹೋಯಿತು. ಇನ್ನೇನು ಸಂಕ್ರಾಂತಿ ಬರಬೇಕು ಅನ್ನುವಾಗ ನನ್ನ ನಾದಿನಿಗೆ ಸಿರುಗುಪ್ಪದ ಸಂಬಂಧ ಕೂಡಿ ಬಂತು. ಭತ್ತದ ಗದ್ದೆಗಳ ದೊಡ್ಡ ಮನೆ. ಹುಡುಗ ಒಪ್ಪಿದ್ದ, ಹುಡುಗಿ ಒಪ್ಪಿದ್ದಳು. ಉಳಿದದ್ದು ನಾವು ಹೋಗಿ ಅವರ ಮನೆ ನೋಡುವ ಶಾಸ್ತ್ರ. ಮನೆ ನೋಡುವುದು ಅನ್ನುವುದು ಹೆಸರಿಗೆ ಮಾತ್ರ. ಅವರು ಬಡಿಸುವುದು, ನಾವು ಉಣ್ಣುವುದು. ಎಲೆಯಲ್ಲಿ ಬಿಟ್ಟರೆ ಸಂಬಂಧ ಮನಸ್ಸಿಗೆ ಬರಲಿಲ್ಲ ಅಂತ ಅರ್ಥ.

“ಸಕ್ಕರಿ ವಿಷಯ ಹೇಳಿಬಿಡ್ರಿ ಅತ್ತಿ,” ಎಂದೆ ನಾನು.

“ಹುಚ್ಚಿ! ತಾಯಿಗೆ ಐತಿ ಅಂದ್ರ ಮಗಳಿಗೂ ಬರ್ತೈತಿ ಅಂತಾರ. ನಿಶ್ಚಯ ಆಗೋತನಕ ಬಾಯಿ ಬಿಡಬ್ಯಾಡ.”

ಹಿರಿಯರೆಂದು ಸಾವ್ಕಾರರನ್ನೂ ಕರೆದುಕೊಂಡು ಬಸ್ಸಿನಲ್ಲಿ ಸಿರುಗುಪ್ಪಕ್ಕೆ ಹೋದೆವು. ಹಾದಿಯುದ್ದಕ್ಕೂ ಸಾವ್ಕಾರರು ಅತ್ತೆಗೆ ಧೈರ್ಯ ಹೇಳಿದರು: “ನನ್ನ ಬಾಜೂಕ ಕೂಡಕ್ಕ. ನಿನ್ನ ಎಲಿಗೆ ಬಿದ್ದದ್ದು ನನ್ನ ಎಲಿಗೆ ದಾಟಿಸು. ಅಕ್ಕನ ಮಗಳ ಮದಿವಿ ಆಗಬೇಕಂದ್ರ ಸೋದರಮಾವ ಆದವನು ಏನ ತ್ಯಾಗಾನೂ ಮಾಡಬೇಕು.”

“ನೀವೂ ಬಾರ್ಡರಿನಾಗ ಅದೀರಿ, ನೆಪ್ಪೈತಿಲ್ಲೋ?” ಎಂದರು ಅತ್ತೆ.

“ಇವತ್ತೊಂದಿನ ಪಾಸ್‌ಪೋರ್ಟ್ ತಂದೀನಿ ಬಿಡು.”

ಬೀಗರ ಮನೆಯ ಪಡಸಾಲೆಯಲ್ಲಿ ಎಲೆ ಹಾಕಿದರು. ಹೋಳಿಗೆ, ಅದರ ಮೇಲೆ ತುಪ್ಪ, ಹಪ್ಪಳ, ಭಜಿ, ಮಲ್ಲಿಗೆ ಮೊಗ್ಗಿನಂಥ ಅನ್ನದ ಗುಡ್ಡ. ಗಂಡಸರು ಆಚೆ ಸಾಲು, ಹೆಂಗಸರು ಈಚೆ ಸಾಲು. ಸಾವ್ಕಾರರ ಬಾಜೂಕ ಕೂಡುವ ಉಪಾಯ ಅಲ್ಲೇ ಬಿದ್ದುಹೋಯಿತು. ಅವರು ಮಾತ್ರ ದೂರದಿಂದಲೇ ಅತ್ತೆಯ ಕಡೆ ನೋಡಿ, ಏನು ಮಾಡಲಿ ಅನ್ನುವಂತೆ ಕೈ ತಿರುವಿ, ತಮ್ಮ ಪಾಲಿನ ತ್ಯಾಗ ಶುರುಮಾಡಿದರು.

ಬೀಗಿತ್ತಿ ದುಂಡನೆಯ, ನಗುಮುಖದ ಹೆಂಗಸು. ತುಪ್ಪದ ಗಿಂಡಿ ಹಿಡಿದು ನೇರ ಅತ್ತೆಯ ಮುಂದೆ ಬಂದು ನಿಂತರು. ಅತ್ತೆ ಅಷ್ಟು ಹೊತ್ತೂ ಒಂದೇ ಹೋಳಿಗೆಯ ಅಂಚನ್ನು ಮುರಿಮುರಿದು ಎಲೆಯ ತುಂಬ ಹರಡಿ, ಬಹಳ ತಿಂದಂತೆ ತೋರಿಸುತ್ತಿದ್ದರು.

“ಇನ್ನೊಂದ್ ಹಾಕಿಸಿಕೊಳ್ರಿ.”

“ಸಾಕ್ರೀ, ಹೊಟ್ಟಿ ತುಂಬೈತಿ.”

“ಹೊಟ್ಟಿ ತುಂಬಾಕ ನೀವೇನ ತಿಂದೀರಿ? ಗುಬ್ಬಿ ಮುಟ್ಟಿದಂಗ ಮುಟ್ಟೀರಿ.” ಒಂದು ಹೋಳಿಗೆ ಬಿತ್ತು. “ಮಗಳಿಗೆ ನಮ್ಮ ಮನಿ ಬೇಕಂದ್ರ ಇದನ್ನ ಮುಗಸ್ರಿ.” ಮತ್ತೊಂದು ಬಿತ್ತು.

ಅತ್ತೆ ಎಲೆಯ ಮೇಲೆ ಅಡ್ಡ ಕೈ ಚಾಚಿದರು. ತುಪ್ಪ ಕೈಮೇಲೆ ಬಿದ್ದು ಮೊಣಕೈವರೆಗೆ ಹರಿಯಿತು. ಬೀಗಿತ್ತಿಯ ಮುಖದ ನಗು ಇಳಿಯಿತು. “ಯಾಕ್ರೀ, ನಮ್ಮ ಮನಿ ಉಪ್ಪು ಸೇರಲಿಲ್ಲೇನು?” ಎಂದರು ತಗ್ಗಿದ ದನಿಯಲ್ಲಿ. ಸಾಲಿನ ಹೆಂಗಸರೆಲ್ಲ ಉಣ್ಣುವುದನ್ನು ನಿಲ್ಲಿಸಿದರು. ನಾದಿನಿಯ ಮದುವೆ ಆ ತುಪ್ಪದ ಕೈಯ ಮೇಲೆ ನಿಂತಂತಾಯಿತು.

ಅತ್ತೆ ಎಲೆಯನ್ನು ನೋಡಿದರು. ಮಡಚಿ ಕೂತ ಕಾಲು ಜೋಮು ಹಿಡಿದಿತ್ತೋ ಏನೋ, ಒಂದು ಸಲ ತಮ್ಮ ಪಾದಗಳನ್ನೂ ನೋಡಿಕೊಂಡರು. ಆಮೇಲೆ ತಲೆ ಎತ್ತಿ, “ಬೀಗಿತ್ತ್ಯಾರ, ಸುಳ್ಳು ಹೇಳಿ ಸಂಬಂಧ ಮಾಡಂಗಿಲ್ಲ. ಸಕ್ಕರಿ ಬ್ಯಾನಿ ನನ್ನ ಬಾಗಲಕ್ಕ ಬಂದು ನಿಂತೈತಿ. ಇನ್ನಾ ಒಳಗ ಬಂದಿಲ್ಲ. ಒಳಗ ಬಿಡಬಾರದಂತ ಎಷ್ಟು ತಿಂಗಳಿಂದ ಬಾಗಲಾ ಒತ್ತಿ ಹಿಡದೀನಿ. ನಿಮ್ಮ ಮನಿ ಹೋಳಿಗಿ ಬಂಗಾರದಂಥಾವು. ಆದ್ರ ಇವು ತಿಂದ್ರ ನನ್ನ ಕೈ ಸೋಲ್ತೈತಿ,” ಎಂದರು.

ಬೀಗಿತ್ತಿ ಗಿಂಡಿ ಕೆಳಗಿಟ್ಟು ಅತ್ತೆಯ ಎದುರು ಕೂತೇಬಿಟ್ಟರು. “ಅಯ್ಯ ನಮ್ಮವ್ವಾ, ಇಷ್ಟಕ್ಕ ಹೊಟ್ಟಿ ಹಸ್ಕೊಂಡು ಕುಂತೀರೇನು? ಹಂಗಾರ ಏನ ಉಣ್ತೀರಿ?”

“ಏನಿದ್ರೂ ನಡೀತೈತ್ರಿ. ಒಂದ್ ರೊಟ್ಟಿ ಇದ್ರ ಸಾಕು.”

ಬೀಗಿತ್ತಿಗೆ ಈಗ ನಿಜವಾದ ಸಂಕಟ ಬಂತು. ಒಳಗೆ ರೊಟ್ಟಿ ಇತ್ತು, ಗದ್ದೆಯ ಆಳುಗಳಿಗೆ ಬಡಿದದ್ದು. ಹೆಣ್ಣಿನ ಕಡೆಯ ಬೀಗರಿಗೆ, ಅದೂ ಮನೆ ನೋಡುವ ದಿನ, ಆಳಿನ ರೊಟ್ಟಿ ಹಾಕುವುದೇ? ಹೊರಗಿನ ಕಟ್ಟೆಯ ಮೇಲೆ ಓಣಿಯ ಜನ ಕೂತಿದ್ದರು. ಆಕೆ ಒಂದು ಗಳಿಗೆ ತಲೆ ಕೆರೆದುಕೊಂಡು, ಎದ್ದು ಹೋಗಿ, ಪಡಸಾಲೆಯ ಬಾಗಿಲು ಹಾಕಿ ಚಿಲಕ ಬಿಗಿದರು.

“ಯಾರರ ನೋಡಿದ್ರ, ಬೀಗ್ರಿಗೆ ರೊಟ್ಟಿ ಹಾಕ್ಯಾರಂತ ಸಿರುಗುಪ್ಪದ ತುಂಬ ಡಂಗುರ ಬೀಳ್ತೈತಿ. ಈಗ ಉಣ್ರಿ!”

ಬಿದಿರಿನ ಬುಟ್ಟಿ ಬಂತು. ಪುಂಡಿಪಲ್ಯ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ ಬಂದವು. ಅತ್ತೆ ರೊಟ್ಟಿ ಮುರಿದ ಸದ್ದಿಗೆ ಸಾಲಿನ ಇನ್ನೊಬ್ಬಾಕೆ, “ನನಗೂ ಚೂರು ಹಾಕ್ರಿ,” ಎಂದಳು. ಆಮೇಲೆ ಆ ಮನೆಯ ಹಿರಿಯಜ್ಜಿ ಗೋಡೆ ಹಿಡಿದುಕೊಂಡು ಬಂದು ಕೂತು, “ನನಗ ಯಾರೂ ಕೊಡಂಗಿಲ್ಲ ನೋಡ್ರಿ, ಅನ್ನದಾಗ ನನ್ನ ನಾಲಿಗೀನೇ ಸತ್ತೈತಿ,” ಎಂದು ಎರಡು ತಿಂದಿತು. ನೋಡನೋಡುತ್ತ ಬುಟ್ಟಿ ಬರಿದಾಯಿತು. ಆಳುಗಳಿಗೆ ಆ ಮಧ್ಯಾಹ್ನ ಹೋಳಿಗೆ ಊಟ, ಅವರ ಪುಣ್ಯ. ನಮ್ಮ ಸಾವ್ಕಾರರು ಆಚೆ ಸಾಲಿನಿಂದ ಕೂಗಿದರು: “ಅಕ್ಕಾ, ನಿನ್ನ ಸಲುವಾಗಿ ನಾ ಇಲ್ಲಿ ಹೋಳಿಗಿ ತಿಂದು ಸಾಯಾಕ ಹತ್ತೀನಿ, ನೀ ಅಲ್ಲಿ ರೊಟ್ಟಿ ಹೊಡಿಯಾಕ ಹತ್ತೀಯೇನು?”

ಎಲೆ ಎತ್ತಿದ ಮೇಲೆ ಬೀಗಿತ್ತಿ ಎಲೆಅಡಿಕೆ ತಟ್ಟೆ ತಂದು ಅತ್ತೆಯ ಮುಂದಿಟ್ಟು, “ಬಾಗಲಾ ಒತ್ತಿ ಹಿಡಿಯೋ ತಾಯಿಯ ಮಗಳು ನಮ್ಮನ್ಯಾಗ ಇರ್ಲಿ,” ಎಂದರು. ಅಲ್ಲಿಗೆ ನಿಶ್ಚಯವಾಯಿತು.

ಸಂಕ್ರಾಂತಿ ಕಳೆದು ನಾವೂ ಸಾವ್ಕಾರರೂ ಬಳ್ಳಾರಿಗೆ ಹೋದೆವು. ರಕ್ತ ತೆಗೆಯಲು ಸೂಜಿ ಚುಚ್ಚುವಾಗ ಅತ್ತೆ ನನ್ನ ಸೆರಗನ್ನು ಹಿಡಿದುಕೊಂಡಿದ್ದರು. ರಿಪೋರ್ಟು ಬರುವತನಕ ಬೆಂಚಿನ ಮೇಲೆ ಕೂರದೆ ಅತ್ತಿಂದಿತ್ತ ನಡೆದಾಡುತ್ತಲೇ ಇದ್ದರು. ಡಾಕ್ಟರು ನೋಡಿ, ಸಕ್ಕರೆ ಇಳಿದಿದೆ, ಮಾತ್ರೆ ಬೇಡ, ಈಗ ಮಾಡುತ್ತಿರುವುದನ್ನೇ ಮಾಡಿಕೊಂಡು ಹೋಗಿ, ಬಿಟ್ಟರೆ ಮತ್ತೆ ಬರುತ್ತದೆ ಎಂದರು. ಸಾವ್ಕಾರರಿಗೆ ಮಾತ್ರ ಬೆಳಿಗ್ಗೆಯ ಜೊತೆಗೆ ಸಂಜೆಯೂ ನಡೆಯಲು ಹೇಳಿದರು. ಅವರು ಹೊರಗೆ ಬಂದು, “ತ್ಯಾಗಕ್ಕ ಬೆಲಿ ಇಲ್ಲ,” ಎಂದರು.

ಮದುವೆ ಆ ಬೇಸಿಗೆಯಲ್ಲಿ ಚೆನ್ನಾಗಿ ಆಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ಬೀಗಿತ್ತಿ ಯಾರಿಗೂ ಹೇಳದೆ ಒಬ್ಬರೇ ಸಿರುಗುಪ್ಪದ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ಇತ್ತೀಚೆಗೆ ಬಹಳ ನೀರಡಿಕೆ, ಕಣ್ಣು ಮಂಜು ಮಂಜು ಎಂದರು. ಅತ್ತೆ ಅವರಿಗೆ ಮಜ್ಜಿಗೆ ಕೊಟ್ಟು, ತಾವೂ ಸೀರೆ ಬದಲಿಸಿಕೊಂಡು, ಮುಂದಿನ ಬಸ್ಸಿಗೇ ಅವರನ್ನು ಬಳ್ಳಾರಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು.