ತೆಂಗಿನ ಮರದ ಮೇಲೆ ಹೊರಿಸಿದ ತಪ್ಪು

ಅರಸೀಕೆರೆಯಿಂದ ಜಾವಗಲ್ ಕಡೆಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದು ತೋಟಗಳು ಶುರುವಾಗುವಲ್ಲಿ, ಒಂದು ಎಂಜಿನಿಯರಿಂಗ್ ಕಾಲೇಜಿತ್ತು. ಅಲ್ಲಿ ಯಶೋಧರಾಳನ್ನು ಹೆಸರು ಹಿಡಿದು ಕರೆಯುವವರು ಕಡಿಮೆ. ಜವಾನನಿಂದ ಹಿಡಿದು ಪ್ರಿನ್ಸಿಪಾಲರವರೆಗೆ ಎಲ್ಲರಿಗೂ ಅವಳು ‘ನೆಟ್ ಮೇಡಂ’. ಎದುರು ಸಿಕ್ಕವರು ಊಟ ಆಯ್ತಾ ಎಂದು ಕೇಳುತ್ತಿರಲಿಲ್ಲ, ‘ನೆಟ್ ಯಾಕೆ ಮೇಡಂ ಸ್ಲೋ’ ಎಂದು ಕೇಳುತ್ತಿದ್ದರು. ಮದುವೆ ಮನೆಯಲ್ಲಿ ಡಾಕ್ಟರು ಸಿಕ್ಕರೆ ಮೊಣಕಾಲು ನೋವು ಹೇಳಿಕೊಳ್ಳುವ ಹಾಗೆ, ಬಸ್ ಸ್ಟಾಪಿನಲ್ಲೂ ಬಿಡುತ್ತಿರಲಿಲ್ಲ.

ಎರಡು ಸಾವಿರದ ಏಳರ ಹೊತ್ತಿಗೆ ಕ್ಯಾಂಪಸ್ಸಿಗೆಲ್ಲ ವೈರ್‌ಲೆಸ್ ಬಂದಿತ್ತು. ತರಗತಿ, ಲೈಬ್ರರಿ, ಹಾಸ್ಟೆಲ್, ಸ್ಟಾಫ್ ಕ್ವಾರ್ಟರ್ಸ್, ಎಲ್ಲಿ ತಲೆಯೆತ್ತಿದರೂ ಛಾವಣಿಗೆ ಅಂಟಿಕೊಂಡ ಬಿಳಿ ಡಬ್ಬಿಗಳು. ಆ ಡಬ್ಬಿಗಳಿಗೆ ಸ್ವಂತ ಬುದ್ಧಿ ಇರಲಿಲ್ಲ. ಲೈಬ್ರರಿ ಮಹಡಿಯ ಎಸಿ ಕೋಣೆಯಲ್ಲಿದ್ದ ಕಂಟ್ರೋಲರ್ ಎಂಬ ಯಂತ್ರ ಹೇಳಿದಂತೆ ಕೇಳುತ್ತಿದ್ದವು. ಕಂಟ್ರೋಲರ್ ಯಶೋಧರಾ ಹೇಳಿದಂತೆ ಕೇಳುತ್ತಿತ್ತು. ಹೊರಗಿನಿಂದ ಬರುತ್ತಿದ್ದುದು ಒಂದೇ ಲೈನು, ಇಡೀ ಕ್ಯಾಂಪಸ್ಸಿಗೆ ಅದರಲ್ಲೇ ಹಂಚಬೇಕು. ಯಾರಿಗೆ ಎಷ್ಟು ಬ್ಯಾಂಡ್‌ವಿಡ್ತ್, ಯಾವ ಹೊತ್ತಿನಲ್ಲಿ ಎಷ್ಟು ಎಂದು ತೀರ್ಮಾನಿಸುವುದೇ ಅವಳ ನೌಕರಿ, ಅವಳ ತಲೆನೋವು, ನಿಜ ಹೇಳಬೇಕೆಂದರೆ ಅವಳ ಹೆಮ್ಮೆ.

ಬಸ್ತಿಹಳ್ಳಿಯ ಮನೆಯಲ್ಲಿ ಅಪ್ಪ ಹೊನ್ನಯ್ಯ ಮೇಷ್ಟ್ರಿಗೆ ಇದನ್ನೆಲ್ಲ ಬಿಡಿಸಿ ಹೇಳಿದಾಗ ಅವರು ಕನ್ನಡಕ ತೆಗೆದು ನಕ್ಕಿದ್ದರು. “ಹಂಗಾದ್ರೆ ನಮ್ಮಪ್ಪ ಮಾಡ್ತಿದ್ದ ಕೆಲಸಾನೇ ಅನ್ನು.” ಅವಳ ತಾತ ಕೆರೆಯ ನೀರಗಂಟಿ. ತೂಬು ತೆಗೆದು ಊರವರ ಗದ್ದೆಗಳಿಗೆಲ್ಲ ಸರದಿಯಂತೆ ನೀರು ಬಿಡುತ್ತಿದ್ದವನು. ಕೇರಿಯವನಾದ್ದರಿಂದ ಅವನಿಗೆ ಮಾತ್ರ ಒಂದು ಗುಂಟೆ ಗದ್ದೆಯೂ ಇರಲಿಲ್ಲ. ಅವನ ಮಗ ಓದಿ ಮೇಷ್ಟ್ರಾದರು, ಬುದ್ಧನ ದಾರಿ ಹಿಡಿದರು, ಮಗಳಿಗೆ ಬುದ್ಧನ ಹೆಂಡತಿಯ ಹೆಸರಿಟ್ಟರು. ಅವಳು ಕೆಲಸಕ್ಕೆ ಸೇರುವಾಗ ಒಂದು ಮಾತು ಹೇಳಿ ಕಳಿಸಿದರು. “ಯಾರೂ ಬೆರಳು ತೋರಿಸದಂಗೆ ಕೆಲಸ ಮಾಡವ್ವ. ಬೇರೆಯೋರು ತಪ್ಪು ಮಾಡಿದ್ರೆ ಅವರೊಬ್ಬರನ್ನ ಬೈತಾರೆ, ನಾವು ಮಾಡಿದ್ರೆ ಕೇರಿಗೆ ಕೇರಿನೇ ಬೈತಾರೆ.” ಅವಳು ಆ ಮಾತನ್ನು ಅಗತ್ಯಕ್ಕಿಂತ ಹೆಚ್ಚೇ ಮನಸ್ಸಿಗೆ ಹಚ್ಚಿಕೊಂಡಳು.

ಕ್ಯಾಂಪಸ್ಸಿನ ಹಿಂಬದಿಗೆ, ತೆಂಗಿನ ಸಾಲಿನ ಆಚೆ, ಸ್ಕಾಲರ್‌ಶಿಪ್ಪಿನಲ್ಲಿ ಓದುವ ಹುಡುಗಿಯರ ಹಾಸ್ಟೆಲ್. ಬೋರ್ಡಿನಲ್ಲಿ ದೊಡ್ಡ ಹೆಸರಿದ್ದರೂ ಎಲ್ಲರ ಬಾಯಲ್ಲಿ ಅದು ‘ಹಿಂದಿನ ಹಾಸ್ಟೆಲ್’. ಅಲ್ಲಿದ್ದವರು ಬಹುಪಾಲು ದಲಿತರ ಮನೆಯ ಮಕ್ಕಳು, ಯಶೋಧರಾಳಂತೆಯೇ ಕೇರಿಯಿಂದ ಬಂದವರು. ಅಲ್ಲಿಯವರೆಗೆ ಕೇಬಲ್ ಎಳೆದಿರಲಿಲ್ಲ. ಲೈಬ್ರರಿ ತಾರಸಿಯ ಪುಟ್ಟ ಡಿಶ್ಶಿನಿಂದ ಹಾಸ್ಟೆಲ್ ತಾರಸಿಯ ಡಿಶ್ಶಿಗೆ, ಮರಗಳ ತಲೆಯ ಮೇಲೆ, ಗಾಳಿಯಲ್ಲೇ ಸಂಪರ್ಕ. ಅದೇನೂ ಕೆಟ್ಟಿರಲಿಲ್ಲ. ಇಡೀ ಹಾಸ್ಟೆಲ್ಲಿಗೆ ಬೆರಳೆಣಿಕೆಯ ಲ್ಯಾಪ್‌ಟಾಪ್, ಅವನ್ನೇ ಸರದಿಯಲ್ಲಿ ಬಳಸುತ್ತಿದ್ದರು. ಹಾಗಾಗಿ ಎಲ್ಲರಷ್ಟೇ ಪಾಲು ಕೊಟ್ಟರೂ ಅಲ್ಲಿ ನೆಟ್ ಸರಾಗ. ಕ್ವಾರ್ಟರ್ಸಿನಲ್ಲಿ ಮಾತ್ರ ಪ್ರೊಫೆಸರರ ಮಕ್ಕಳು ಹಗಲೆಲ್ಲ ಸಿನಿಮಾ ಇಳಿಸಿಕೊಳ್ಳುತ್ತ ಅಪ್ಪಂದಿರ ಪಾಲನ್ನೂ ನುಂಗಿ ಕೂರುತ್ತಿದ್ದರು. ಆ ಅಪ್ಪಂದಿರು ಮಕ್ಕಳನ್ನು ಕೇಳುವುದು ಬಿಟ್ಟು ನೆಟ್ ಮೇಡಂ ಮೇಲೆ ದೂರು ಹೇಳುತ್ತಿದ್ದರು.

ಪ್ರಿನ್ಸಿಪಾಲ್ ಏಕಾಂತಯ್ಯನವರು ಕೆಟ್ಟವರಲ್ಲ. ತಮಾಷೆ ಮಾಡುವ ಚಟ ಮಾತ್ರ ಇತ್ತು, ಅದು ಯಾರಿಗೆ ಎಲ್ಲಿ ತಾಗುತ್ತದೆ ಎಂದು ನೋಡುವ ಅಭ್ಯಾಸ ಇರಲಿಲ್ಲ. ಒಂದು ದಿನ ಟೀ ಹೊತ್ತಿನಲ್ಲಿ ಎಲ್ಲರೂ ಕೂತಿದ್ದಾಗ ಕೇಳಿದರು. “ಏನ್ ಮೇಡಂ, ಹಿಂದಿನ ಹಾಸ್ಟೆಲ್‌ನಲ್ಲಿ ನೆಟ್ ಓಡ್ತಾ ಇದೆಯಂತೆ, ನಮ್ಮ ಮನೇಲಿ ತೆವಳ್ತಾ ಇದೆ. ನಿಮ್ಮೋರು ಅಂತ ಅಲ್ಲಿಗೆ ಸ್ವಲ್ಪ ಜಾಸ್ತಿ ಬಿಟ್ಟಿದೀರೇನೋ?”

ಎಲ್ಲರೂ ನಕ್ಕರು. ಅವಳೂ ನಕ್ಕಳು. ಎಲ್ಲರಿಗೂ ಒಂದೇ ಪಾಲು ಸಾರ್, ನಿಮ್ಮ ಮಗನ ಕಂಪ್ಯೂಟರ್ ನೋಡಿ ಎಂದು ಹೇಳಬಹುದಿತ್ತು. ಕಿವಿಯ ತುದಿಯವರೆಗೆ ಬಿಸಿಯೇರಿ, ಟೀ ಅರ್ಧಕ್ಕೆ ಬಿಟ್ಟು ಮಹಡಿ ಹತ್ತಿದಳು. ಕಂಟ್ರೋಲರಿನ ಮುಂದೆ ಕೂತು, ಹಿಂದಿನ ಹಾಸ್ಟೆಲಿನ ಪಾಲನ್ನು ಅರ್ಧ ಮಾಡಿದಳು. ಒಂದು ಕ್ಷಣ ಯೋಚಿಸಿ, ಅದರಲ್ಲೂ ಅರ್ಧ ಮಾಡಿದಳು. ಒಂದು ವಾರದ ಮಟ್ಟಿಗೆ, ಬಾಯಿ ಮುಚ್ಚಲಿ ಅಷ್ಟೆ ಎಂದುಕೊಂಡಳು.

ಬಾಯಿ ಮುಚ್ಚಿತು. ಅಷ್ಟೇ ಅಲ್ಲ, ಮುಂದಿನ ಸ್ಟಾಫ್ ಮೀಟಿಂಗಿನಲ್ಲಿ ಏಕಾಂತಯ್ಯನವರು ಎಲ್ಲರ ಮುಂದೆ “ನಮ್ಮ ನೆಟ್ ಮೇಡಂ ಹತ್ರ ಭೇದಭಾವ ಅನ್ನೋದೇ ಇಲ್ಲ ನೋಡಿ” ಎಂದು ಬೆನ್ನು ತಟ್ಟುವ ಮಾತಾಡಿದರು. ಅವಳಿಗೆ ಹಿತವಾಯಿತು. ಆ ಹಿತವೇ ಮೋಸ ಮಾಡಿತು. ಕಡಿಮೆ ಮಾಡಿದ್ದನ್ನು ಮತ್ತೆ ಏರಿಸಿದರೆ ಬಂದ ಹೆಸರು ಹೋಗುತ್ತದೆ ಎಂದು ಹೆದರಿ ಅವಳು ಅದರ ತಂಟೆಗೇ ಹೋಗಲಿಲ್ಲ.

ಹಿಂದಿನ ಹಾಸ್ಟೆಲಿನಲ್ಲಿ ಲತಾಮಣಿ ಎಂಬ ಹುಡುಗಿ ಇದ್ದಳು. ಕಣಕಟ್ಟೆಯವಳು, ಕೊನೆಯ ವರ್ಷದವಳು. ಯಶೋಧರಾಳ ಮನೆಯಂತೆ ಅವಳ ಮನೆಯಲ್ಲೂ ಗೋಡೆಯ ಮೇಲೆ ಬುದ್ಧನ ಪಟ. ಎಂ.ಟೆಕ್ ಮಾಡಬೇಕು, ಆಮೇಲೆ ಪಾಠ ಹೇಳಬೇಕು ಎಂಬುದು ಅವಳ ಆಸೆ. ಅವಳು ಬಂದು ಮೆಲ್ಲಗೆ ಕೇಳಿದಳು. “ಅಕ್ಕ, ನಮ್ ಹಾಸ್ಟೆಲ್‌ನಲ್ಲಿ ಯಾಕೋ ಒಂದು ಪೇಜೂ ತೆರೀತಿಲ್ಲ.”

ಆಗಲೂ ಹೇಳಬಹುದಿತ್ತು. ಯಶೋಧರಾ ಕಿಟಕಿಯಾಚೆ ನೋಡಿದಳು. ಕಣ್ಣಿಗೆ ತೆಂಗಿನ ಸಾಲು ಬಿತ್ತು.

“ಆ ಎರಡು ಮರ ಬೆಳೆದುಬಿಟ್ಟಿದಾವಲ್ಲ, ಗರಿ ಡಿಶ್ಶಿಗೆ ಅಡ್ಡ ಬರ್ತವೆ ಕಣಮ್ಮ. ಗಾಳಿಗೆ ಅಲ್ಲಾಡ್ದಾಗ ಸಿಗ್ನಲ್ ಕಟ್ಟಾಗುತ್ತೆ.”

ಹಸಿ ಸುಳ್ಳು. ಡಿಶ್ಶಿನ ಸಿಗ್ನಲ್ ಅವಳ ಕಂಪ್ಯೂಟರ್ ಪರದೆಯ ಮೇಲೆ ತುಂಬಿ ತುಳುಕುತ್ತಿತ್ತು. ಆದರೆ ಎಂಜಿನಿಯರಿಂಗ್ ಓದುವವರಿಗೂ ನಂಬಿಕೆ ಬರುವಂಥ ಸುಳ್ಳು, ಮರ ಅಡ್ಡ ಬಂದರೆ ನೆಟ್ ಹೋಗುವುದು ಪುಸ್ತಕದಲ್ಲೂ ಇದೆ. ಲತಾಮಣಿ ತಲೆಯಾಡಿಸಿ ಹೋದಳು. ಹೋಗಿ ಹಾಸ್ಟೆಲ್ಲಿಗೆಲ್ಲ ಹೇಳಿದಳು. ಅಂದಿನಿಂದ ಆ ಹುಡುಗಿಯರು ಗಾಳಿ ನಿಂತ ಹೊತ್ತು ನೋಡಿ ಲ್ಯಾಪ್‌ಟಾಪ್ ತೆಗೆಯುತ್ತಿದ್ದರು, ಏನಾದರೂ ಜರೂರಿದ್ದರೆ ಬಸ್ ಹಿಡಿದು ಅರಸೀಕೆರೆಯ ಸೈಬರ್ ಕೆಫೆಗೆ ಓಡುತ್ತಿದ್ದರು. ಮಹಡಿಯ ಕಿಟಕಿಯಿಂದ ಯಶೋಧರಾಳಿಗೆ ಅವರು ಗೇಟಿನ ಕಡೆ ಓಡುವುದು ಕಾಣುತ್ತಿತ್ತು. ಅವಳು ಪರದೆ ಎಳೆದುಕೊಂಡಳು, ಎಸಿ ತಂಪು ಹೊರಗೆ ಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಎಂ.ಟೆಕ್ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕುವ ಕೊನೆಯ ದಿನ ಲತಾಮಣಿಯ ಫೋಟೊ ಅರ್ಧಕ್ಕೆ ಏರಿ ನಿಂತಿತು. ಮತ್ತೆ ಹಾಕಿದಳು, ಮತ್ತೆ ನಿಂತಿತು. ಬಸ್ ಹಿಡಿದು ಅರಸೀಕೆರೆಯ ಸೈಬರ್ ಕೆಫೆ ಸೇರುವಷ್ಟರಲ್ಲಿ ಗಡುವು ಮುಗಿದಿತ್ತು. ಓದಿನ ಒಂದು ವರ್ಷ ಹಾಳಾಯಿತು. ಅವಳ ಮನೆಯವರಿಗೆ ಇನ್ನೊಂದು ವರ್ಷ ಕಾಯುವ ತಾಳ್ಮೆ ಇತ್ತೋ ಇಲ್ಲವೋ ಯಾರಿಗೆ ಗೊತ್ತು. ಅತ್ತು ಮುಗಿಸಿದ ಮೇಲೆ ಅವಳು ಯಾರ ಮೇಲೂ ಸಿಟ್ಟಾಗಲಿಲ್ಲ, ಮರದ ಮೇಲೆ ಸಿಟ್ಟಾದಳು. ಹುಡುಗಿಯರೆಲ್ಲ ಸೇರಿ ಪ್ರಿನ್ಸಿಪಾಲರಿಗೆ ಮನವಿ ಕೊಟ್ಟರು, ಆ ಎರಡು ಮರ ಕಡಿಸಿಕೊಡಿ ಎಂದು. ಏಕಾಂತಯ್ಯನವರು ಯಶೋಧರಾಳನ್ನು ಕರೆಸಿ “ಮರದ್ದೇ ತೊಂದರೆನಾ ಮೇಡಂ?” ಎಂದು ಕೇಳಿದರು.

“ಹೂಂ ಸಾರ್,” ಎಂದಳು ಯಶೋಧರಾ. ಗರಿ ಕಡಿದರೆ ಸಾಲದೇ ಎಂದು ಅವರು ಕೇಳಿದ್ದಕ್ಕೆ “ಮತ್ತೆ ಬರುತ್ತೆ ಸಾರ್” ಎಂದೂ ಸೇರಿಸಿದಳು. ಒಂದು ಸುಳ್ಳು ಹೇಳಿದವರಿಗೆ ಎರಡನೆಯದು ಎಷ್ಟು ಸಲೀಸು ಎಂದು ಅವಳಿಗೇ ಆಶ್ಚರ್ಯವಾಯಿತು.

ತೋಟ ನೋಡಿಕೊಳ್ಳುತ್ತಿದ್ದವರು ಮರುಳಪ್ಪ. ಕಾಲೇಜು ಏಳುವ ಮೊದಲೇ ಆ ಸಾಲನ್ನು ನೆಟ್ಟವರು. ಅರಸೀಕೆರೆ ಸೀಮೆಯಲ್ಲಿ ಕಾಯಿ ಬಿಡುವ ಮರಕ್ಕೆ ಸುಮ್ಮನೆ ಕೊಡಲಿ ಹಾಕುವವರಿಲ್ಲ. ಸಿಡಿಲು ಬಡಿದರೆ, ರೋಗ ಬಂದರೆ ಸರಿ. ಎರಡೂ ಮರದಲ್ಲಿ ಗೊನೆ ಗೊನೆ ಕಾಯಿ, ಒಂದರಲ್ಲಿ ಹೊಸ ಹೊಂಬಾಳೆ ಬೇರೆ ಒಡೆದಿತ್ತು. ಮರುಳಪ್ಪ ಬುಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಸಿಕ್ಕಿಸಿ, ತಂಬಿಗೆ ಹಿಡಿದು ನಿಂತರು. ನೆಟ್ ಮೇಡಂ ಬಾರದೆ ಕೊಡಲಿ ಎತ್ತುವುದಿಲ್ಲ ಎಂದರು. ಅವಳು ಬರಲೇಬೇಕಾಯಿತು.

“ಯಾರ ಕೆಲಸಕ್ಕೆ ಮರ ಬೀಳುತ್ತೋ ಅವರೇ ನೀರು ಹುಯ್ದು ತಪ್ಪಾಯ್ತು ಅನ್ಬೇಕು ಮೇಡಮ್ಮೋರೆ,” ಎಂದರು ಮರುಳಪ್ಪ. “ನಮ್ ಕಡೆ ಹಂಗೇ ಮಾಡಾದು. ನೀವ್ ಪೂಜೆ ಗೀಜೆ ನಂಬಾಕಿಲ್ಲ ಅಂತ ಗೊತ್ತೈತೆ. ಆದ್ರೂ ಒಂದ್ ತಂಬಿಗೆ ನೀರು.”

ಹುಡುಗಿಯರು ಸುತ್ತ ನಿಂತಿದ್ದರು. ಲತಾಮಣಿ ಮುಂದೆಯೇ ಇದ್ದಳು. ಯಶೋಧರಾ ತಂಬಿಗೆ ತೆಗೆದುಕೊಂಡಳು. ಈಗ ಹೇಳಿಬಿಡು, ಈಗ ಹೇಳಿಬಿಡು ಎಂದು ಒಳಗಿನಿಂದ ಯಾರೋ ಒದೆಯುತ್ತಿದ್ದರು. ಅವಳು ಬುಡಕ್ಕೆ ನೀರು ಹೊಯ್ದು, ಕೈ ಮುಗಿದು, ‘ತಪ್ಪಾಯ್ತು’ ಎಂದಳು. ಆ ಮಾತು ಮರಕ್ಕೆ ಎಂದು ಎಲ್ಲರೂ ತಿಳಿದರು. ಆಮೇಲೆ ಕೊಡಲಿಯ ಏಟು ಶುರುವಾಯಿತು. ಅವಳು ಕೆಲಸವಿದೆ ಎಂದು ಹೇಳಿ ಅಲ್ಲಿಂದ ಜಾರಿದಳು.

ಎರಡನೆಯ ಮರ ಉರುಳಿದ ಸದ್ದು ಮಹಡಿಯವರೆಗೆ ಬಂತು. ಅದನ್ನು ಕೇಳಿ ಅವಳು ಮಾಡಿದ ಕೆಲಸ ನಾಚಿಕೆಗೇಡಿನದು, ಹೇಳದೆ ವಿಧಿಯಿಲ್ಲ. ಕಂಟ್ರೋಲರಿನಲ್ಲಿ ಹಿಂದಿನ ಹಾಸ್ಟೆಲಿನ ಪಾಲನ್ನು ಮೊದಲಿನಂತೆ ಏರಿಸಿದಳು. ಮರ ಬಿದ್ದಿತು, ನೆಟ್ ಬಂತು. ಸುಳ್ಳು ನಿಜವಾಯಿತು.

ಸಂಜೆಗೆ ಹುಡುಗಿಯರ ದಂಡೇ ಮಹಡಿಗೆ ಬಂತು. ನೆಟ್ ಹೇಗೆ ಓಡುತ್ತಿದೆ ಎಂದು ಒಬ್ಬಳ ಮೇಲೊಬ್ಬಳು ಬಿದ್ದು ಹೇಳಿದರು. ಲತಾಮಣಿ ಒಂದು ಸ್ಟೀಲ್ ಡಬ್ಬಿ ತೆರೆದು ಮುಂದಿಟ್ಟಳು. ಒಳಗೆ ತೆಂಗಿನ ಸುಳಿ, ಬೆಳ್ಳಗೆ, ಎಳಸಾಗಿ, ತುಂಡು ತುಂಡಾಗಿ ಹೆಚ್ಚಿಟ್ಟದ್ದು. ಮರ ಸತ್ತರೆ ಮಾತ್ರ ಸಿಗುವ ತಿನಿಸು ಅದು.

“ಮೊದಲ ತುಂಡು ನಿಮಗೇ ಅಕ್ಕ. ನೀವು ಹೇಳ್ದಿದ್ರೆ ನಮಗೆ ಕಾರಣನೇ ಗೊತ್ತಾಗ್ತಿರಲಿಲ್ಲ.”

ಅವರೆಲ್ಲ ನೋಡುತ್ತಿದ್ದುದರಿಂದ ಯಶೋಧರಾ ತಿಂದಳು. ಸಿಹಿಯಾಗಿತ್ತು. ಅವರು ಇಳಿದು ಹೋದ ಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದಳು, ಕನ್ನಡಿ ನೋಡಲಿಲ್ಲ. ಯಾರಾದರೂ ಬಂದು ಕೆನ್ನೆಗೆ ಬಾರಿಸಿದ್ದರೆ ಎಷ್ಟೋ ಹಗುರವಾಗುತ್ತಿತ್ತು ಎನ್ನಿಸಿತು.

ಮರುದಿನ ಬೆಳಗ್ಗೆ ಏಕಾಂತಯ್ಯನವರು ಕರೆಸಿದರು. ಕೋಣೆಯಲ್ಲಿ ಮರುಳಪ್ಪ ಟವೆಲ್ ಕೈಯಲ್ಲಿ ಹಿಡಿದು ನಿಂತಿದ್ದರು, ಹಾಸ್ಟೆಲಿನ ಪರವಾಗಿ ಧನ್ಯವಾದ ಹೇಳಲು ಲತಾಮಣಿ ಬಂದಿದ್ದಳು. ಏಕಾಂತಯ್ಯನವರು ಭಾರಿ ಉತ್ಸಾಹದಲ್ಲಿದ್ದರು. “ಎರಡು ಮರಕ್ಕೇ ಇಷ್ಟು ಫಲ ಸಿಕ್ಕಿದೆ ಮೇಡಂ. ಇಡೀ ಸಾಲು ತೆಗೆಸಿಬಿಡೋಣ, ಮುಂದೆ ತೊಂದರೆನೇ ಬೇಡ. ಮರುಳಪ್ಪ ಒಪ್ತಾ ಇಲ್ಲ, ನೀವೇ ಒಂದು ಮಾತು ಹೇಳಿ.”

ಮರುಳಪ್ಪ ಅವಳ ಮುಖ ನೋಡಿದರು ಅಷ್ಟೆ. ಅವಳು ಬಾಯಿಬಿಟ್ಟರೆ ಇಡೀ ಸಾಲು ಉಳಿಯುತ್ತಿತ್ತು, ಅವಳ ಹೆಸರು ಹೋಗುತ್ತಿತ್ತು. ಸುಮ್ಮನಿದ್ದರೆ ಹೆಸರು ಉಳಿಯುತ್ತಿತ್ತು.

“ಮರದ್ದೇನೂ ತಪ್ಪಿಲ್ಲ ಸಾರ್,” ಎಂದಳು ಯಶೋಧರಾ. “ಆ ಎರಡು ಮರದ್ದೂ ಇರಲಿಲ್ಲ. ಹಿಂದಿನ ಹಾಸ್ಟೆಲ್ ನೆಟ್ಟನ್ನ ಕಂಟ್ರೋಲರ್‌ನಲ್ಲಿ ನಾನೇ ಕಡಿಮೆ ಮಾಡಿಟ್ಟಿದ್ದೆ. ನಿನ್ನೆ ನಾನೇ ಜಾಸ್ತಿ ಮಾಡಿದೆ.”

ಮರುಳಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು, ಯಾರ ಅಪ್ಪಣೆಗೂ ಕಾಯದೆ ಹೊರಟುಹೋದರು. ಏಕಾಂತಯ್ಯನವರು ಕನ್ನಡಕ ಸರಿ ಮಾಡಿಕೊಂಡು “ಯಾಕ್ರೀ ಹಾಗ್ ಮಾಡಿದ್ರಿ?” ಎಂದರು. ಅವರಿಗೆ ಟೀ ಹೊತ್ತಿನ ಆ ತಮಾಷೆಯ ನೆನಪು ಲವಲೇಶವೂ ಇರಲಿಲ್ಲ, ಅದು ಅವರ ಮುಖದಲ್ಲೇ ಕಾಣುತ್ತಿತ್ತು. ಅದನ್ನು ನೆನಪಿಸಿ ತಪ್ಪಿನಲ್ಲಿ ಅರ್ಧ ಅವರ ತಲೆಗೆ ಕಟ್ಟಲು ಅವಳಿಗೆ ಮನಸ್ಸಾಗಲಿಲ್ಲ. ಬರೆದುಕೊಡಿ, ಕಮಿಟಿ ಮುಂದೆ ಇಡೋಣ ಎಂದು ಅವರು ಹೇಳಿದ್ದಕ್ಕೆ ತಲೆಯಾಡಿಸಿ ಹೊರಗೆ ಬಂದಳು.

ವರಾಂಡದಲ್ಲಿ ಲತಾಮಣಿ ಹಿಂದೆಯೇ ಬಂದು ನಿಂತಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಅರ್ಥವಾಗದವಳ ಹಾಗೆ ನೋಡುತ್ತಿದ್ದಳು.

“ನಮ್ ಹಾಸ್ಟೆಲ್‌ಗೇ ಯಾಕಕ್ಕ?”

“ನಿಮಗೆ ಜಾಸ್ತಿ ಕೊಟ್ಟಿದೀನಿ ಅಂತ ಯಾರೂ ಅನ್ನಬಾರದು ಅಂತ,” ಎಂದಳು ಯಶೋಧರಾ. “ನೀವು ನಮ್ಮೋರಲ್ವಾ, ಅದಕ್ಕೆ.”

ಲತಾಮಣಿಯ ಗೆಳತಿಯರು ಕ್ಲಾಸಿಗೆ ಹೋಗುತ್ತ ಅವಳನ್ನು ಕರೆದರು. ಅವಳು ಬರ್ತೀನಿ ಎಂದು ಕೈ ಮಾಡಿದಳು.

“ಆ ಕುರ್ಚಿಲಿ ಬೇರೆ ಯಾರಾದ್ರೂ ಇದ್ದಿದ್ರೆ ನಾವು ಮೊದಲನೇ ವಾರನೇ ಬಂದು ಜಗಳ ಆಡ್ತಿದ್ವಿ,” ಎಂದಳು. “ನೀವಿದ್ದೀರ, ನಿಮಗೆ ಕೆಟ್ಟ ಹೆಸರು ಬರಬಾರದು ಅಂತ ಎಲ್ಲರೂ ಸುಮ್ನಿದ್ವಿ.”

ಅಷ್ಟು ಹೇಳಿ ಅವಳು ಕ್ಲಾಸಿಗೆ ಹೋದಳು. ಯಶೋಧರಾ ತಲೆಯೆತ್ತಿ ಅವಳು ಹೋದ ದಿಕ್ಕನ್ನೂ ನೋಡಲಾರದೆ, ವರಾಂಡದ ಕಂಬ ಹಿಡಿದು ನಿಂತಳು.